ಟೀವಿ ಮೇಲಿಂದ ಬಚ್ಚಲಿಗೆ ಇಳಿದ ಕ್ರೋಶಾ

ಹೋದ ಶ್ರಾವಣದಲ್ಲಿ ಅಟ್ಟ ಗುಡಿಸೋವಾಗ ನಮ್ಮವ್ವನ ಟ್ರಂಕು ಕೆಳಗಿಳಿಸಿದೆ. ಒಳಗೆ ಬಿಳೀ ದಾರದ ಕ್ರೋಶಾ ಬಟ್ಟೆಗಳು ಇದ್ವು. ಟೀವಿ ಮೇಲೆ ಹೊದಿಸ್ತಿದ್ದದ್ದು ಒಂದು, ರೇಡಿಯೋದ್ದು ಒಂದು, ಜೊತೆಗೆ ಬಾಗಿಲ ತೋರಣ. ಮಗಳು ನೋಡಿ, "ಇವೆಲ್ಲಾ ಯಾತಕ್ಕಮ್ಮಾ ಬರ್ತವೆ?" ಅಂದ್ಲು. ಅವ್ವ ಕಡ್ಡಿ ಹಿಡಿದು ಕೂತಾಗ ನಮ್ಮಜ್ಜಿನೂ ಹಿಂಗೇ ಅಂತಿತ್ತು: "ಕೆಲಸ ಇಲ್ದೋಳ ಕೆಲಸ." ಆ ಮಾತು ನಂಗೆ ಇನ್ನೂ ಚುಚ್ಚುತ್ತೆ. ಅದಕ್ಕೇ ಇದರ ಹಿಂದಿನ ಕತೆ ಹುಡುಕಿ ಓದಿದೆ.

ಫ್ರೆಂಚಲ್ಲಿ ಕ್ರೋಶೆ ಅಂದ್ರೆ ಪುಟ್ಟ ಕೊಕ್ಕೆ. ಆ ಕೊಕ್ಕೆ ಒಂದು ಕಾಲದಲ್ಲಿ ಹೊಟ್ಟೆ ತುಂಬಿಸಿದೆ. ಐರ್ಲೆಂಡಿನ ಬಡವರಿಗೆ ಆಲೂಗಡ್ಡೆ ಅಂದ್ರೆ ನಮಗೆ ರಾಗಿ ಇದ್ದಂಗೆ. 1845ರಲ್ಲಿ ಆ ಬೆಳೆಗೆ ಅಂಗಮಾರಿ ಬಂತು. ನಮ್ಮ ಕಡೆ ಆಲೂಗಡ್ಡೆ ಇಕ್ಕೋರಿಗೆ ಈ ರೋಗ ಚೆನ್ನಾಗಿ ಗೊತ್ತು. ಅಲ್ಲಿ ವರ್ಷದ ಮೇಲೆ ವರ್ಷ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು. ಆಗ ಕ್ರೈಸ್ತ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದ್ರು. ಮಗ್ಗ ಬೇಡ, ಬಂಡವಾಳ ಬೇಡ, ಒಂದು ಕಡ್ಡಿ ಒಂದು ಉಂಡೆ ದಾರ ಸಾಕು. ಆ ಲೇಸು ಮಾರಿ ಎಷ್ಟೋ ಮನೆಗಳು ಉಸಿರು ಹಿಡಕೊಂಡ್ವು.

ಮಿಷನರಿ ಹೆಂಗಸರ ಕೈಯಿಂದಲೇ ಅದು 19ನೇ ಶತಮಾನದಲ್ಲಿ ನಮ್ಮ ಪಕ್ಕದ ಆಂಧ್ರದ ಗೋದಾವರಿ ಕಡೆ, ನರಸಾಪುರಕ್ಕೂ ಬಂತು. ಇವತ್ತೂ ಅಲ್ಲಿ ಮನೆಮನೆಲೂ ಕ್ರೋಶಾ ನಡೀತದೆ. 2024ರಲ್ಲಿ ಅದಕ್ಕೆ ಜಿಐ ಗುರುತೂ ಸಿಕ್ತು. ಮರಿಯಾ ಮೀಸ್ ಅನ್ನೋ ಜರ್ಮನಿಯ ಹೆಂಗಸು ಅಲ್ಲಿನ ಹೆಣ್ಣುಮಕ್ಕಳ ಬದುಕು ನೋಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡಿದ್ದು ಇದು: ಲೇಸು ಹೊರದೇಶಕ್ಕೆ ಹೋಗ್ತಿತ್ತು, ಲಾಭ ವ್ಯಾಪಾರಿಗಳಿಗೆ ಹೋಗ್ತಿತ್ತು. ಗಂಟೆಗಟ್ಟಲೆ ಹೆಣೆದೋರಿಗೆ ಮಾತ್ರ "ಇವರು ಗೃಹಿಣಿಯರು, ಬಿಡುವಲ್ಲಿ ಮಾಡ್ತಾರೆ" ಅಂತ ಪುಡಿಗಾಸು. ಓದಿದಾಗ ನಮ್ಮಜ್ಜಿ ಮಾತೇ ಕಿವೀಲಿ ಕೇಳಿಸ್ತು.

ನಮ್ಮ ಮನೆಗಳಿಗೆ ಬರೋ ಹೊತ್ತಿಗೆ ಕ್ರೋಶಾ ಬರೀ ಅಲಂಕಾರ ಆಗಿತ್ತು. ಅಡಿಗೆಮನೇಲಿ ದುಡೀತಿದ್ದದ್ದು ಹರಿದ ಪಂಚೆ, ಹಳೇ ಸೀರೆ ತುಂಡು. ಒಗೆದೊಗೆದು ಮೆತ್ತಗಾದ ಹತ್ತಿ ಚೆನ್ನಾಗಿ ನೀರು ಹೀರ್ತಿತ್ತು, ಅದೇ ಮಸಿಬಟ್ಟೆ, ಅದೇ ಒರೆಸೋ ಬಟ್ಟೆ. ಆಮೇಲೆ ನೈಲಾನು, ಪಾಲಿಯೆಸ್ಟರು ಬಂದ್ವು. ಆ ಸೀರೆ ಹರಿಯೋದೂ ಇಲ್ಲ, ಹರಿದ್ರೂ ನೀರು ಹೀರಲ್ಲ. ಅಡಿಗೆಮನೆಗೆ ಹತ್ತಿ ಚಿಂದಿ ಸಿಗದಂಗಾಗಿ ಸ್ಪಂಜು ಕೊಳ್ಳೋದು ಶುರುವಾಯ್ತು. ಅಲ್ಲೇ ಕ್ರೋಶಾಗೆ ಹೊಸ ಕೆಲಸ ಹುಟ್ಟಿದ್ದು.

ಹತ್ತಿ ಒದ್ದೆಯಾದ್ರೆ ಇನ್ನೂ ಗಟ್ಟಿ ಆಗುತ್ತೆ, ಕುದಿನೀರಲ್ಲೂ ಹಾಕಬಹುದು. ಆದ್ರೆ ದಾರ ನೋಡಿ ತಗೊಳ್ಳಿ. ಅವ್ವನದು ಹೊಳೆಯೋ ಮರ್ಸರೈಸ್ಡ್ ದಾರ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ನೂಲನ್ನ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಗಟ್ಟಿ ಮಾಡೋದು ಕಂಡ್ಕೊಂಡ. ಬಿಗಿಯಾಗಿ ಎಳೆದು ಹಿಡಿದು ಅದ್ದಿದ್ರೆ ಹೊಳಪೂ ಬರುತ್ತೆ ಅಂತ ಆಮೇಲೆ ತಿಳೀತು. ತೋರಣಕ್ಕೆ ಅದು ಚೆಂದ. ಒರೆಸೋಕೆ, ಮೈ ಉಜ್ಜೋಕೆ ಹೊಳಪಿಲ್ಲದ ದಪ್ಪ ಹತ್ತಿ ದಾರನೇ ಸರಿ. ಒಂದು ಗೇಣು ಅಗಲ ಚೈನು ಹಾಕಿ, ತೂತು ಬೀಳದಂಗೆ ಒತ್ತಾಗಿ ಹೆಣೆದು, ಮೂಲೇಲಿ ನೇತಾಕೋಕೆ ಒಂದು ಕುಣಿಕೆ ಇಡಿ. ಮಸಿಬಟ್ಟೆ ಆದ್ರೆ ಎರಡು ಪದರ ಬೇಕು. ನಾನೊಂದ್ಸಲ ಉಲನ್ ಅಂತ ಅಕ್ರಿಲಿಕ್ ದಾರದಲ್ಲಿ ಹೆಣೆದು ಬಿಸಿ ಬಾಣಲೆ ಹಿಡಿದೆ. ಕರಗಿ ಬೆರಳಿಗೇ ಅಂಟ್ಕೊಂತು. ಹತ್ತಿದಾದ್ರೂ ಒದ್ದೆ ಇದ್ದಾಗ ಬಿಸಿ ಪಾತ್ರೆ ಮುಟ್ಟಬ್ಯಾಡಿ, ಕೈ ಬೇಯುತ್ತೆ.

ಒಂದು ಬಟ್ಟೆಗೆ ನಂಗೆ ಎರಡು ಸಂಜೆ ಬೇಕು. ಹೋದ ತಿಂಗಳು ಒಬ್ರು ಹತ್ತು ಮಾಡಿಸ್ಕೊಂಡು, "ಹೆಂಗೂ ಸೀರಿಯಲ್ ನೋಡ್ತಾ ಹೆಣೆದಿರ್ತೀಯಲ್ಲ" ಅಂತ ದಾರದ ದುಡ್ಡು ಮಾತ್ರ ಕೊಟ್ರು. ನಾನೂ ನಕ್ಕು ಸುಮ್ಮನಾದೆ. ನರಸಾಪುರದ ಕತೆ ಓದಿದ ಮೇಲೆ ಆ ನಗು ನೆನೆದು ನನಗೇ ನಾಚಿಕೆ ಆಯ್ತು. ದಾಬಸ್‌ಪೇಟೆ ಫ್ಯಾಕ್ಟ್ರಿಗೆ ಹೋಗೋ ನಮ್ಮ ಸೋಂಪುರದ ಹೆಣ್ಣುಮಕ್ಕಳಿಗೆ ಗಂಟೆ ಲೆಕ್ಕ ಇದೆ. ಮನೇಲಿ ಕೂತು ಹೆಣೆದ ಗಂಟೆಗೆ ಯಾಕೆ ಬ್ಯಾಡ?

ಅದ್ಕೇ ಅಕ್ಕಂದಿರಾ, ಯಾರಾದ್ರೂ ಬೆಲೆ ಕೇಳಿದ್ರೆ ದಾರದ ಜೊತೆ ಕೈಕೂಲಿನೂ ಸೇರಿಸಿ ಹೇಳಿ. ಅವ್ವನ ಟೀವಿ ಬಟ್ಟೆನ ನಾನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ಈಗ ಮೊಸರಿನ ಗಡಿಗೆ ಮೇಲೆ ಮುಚ್ಚಿದೀನಿ.