ಸಾವಯವ ಮೊಟ್ಟೆ ಪರಿಸರಕ್ಕೂ ಒಳ್ಳೆಯದಾ? ಅಸಲಿ ಲೆಕ್ಕ ಇರುವುದು ಮೇವಿನಲ್ಲಿ

ಪುಣೆ: ಮೊಟ್ಟೆ ದರದ ಸುದ್ದಿಯಲ್ಲಿ ಸದಾ ಕೇಳಿಬರುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) 1982ರಲ್ಲಿ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ಇರುವುದು ಪುಣೆಯಲ್ಲಿ. ದೇಶದಲ್ಲಿ 2023-24ರಲ್ಲಿ 14,277 ಕೋಟಿ ಮೊಟ್ಟೆ ಉತ್ಪಾದನೆಯಾಗಿದೆ. ಇದರಲ್ಲಿ ಸಾವಯವ ಮೊಟ್ಟೆಯ ಪಾಲು ತೀರಾ ಸಣ್ಣದು, ಬೆಲೆ ಮಾತ್ರ ದುಬಾರಿ.

ಹಾಗಾದರೆ ಸಾವಯವ ಮೊಟ್ಟೆ ಎಂದರೇನು? ಕೋಳಿಯನ್ನು ಪಂಜರದಲ್ಲಿ ಕೂಡಿಹಾಕುವಂತಿಲ್ಲ, ಮೇವೂ ಸಾವಯವವಾಗಿರಬೇಕು, ಪ್ರಮಾಣಪತ್ರ ಬೇಕು. ಪ್ಯಾಕ್ ಮೇಲೆ ಸಾವಯವ ಪ್ರಮಾಣೀಕರಣದ ಲಾಂಛನ ಇದೆಯೇ ನೋಡಿ. ಕಂದು ಸಿಪ್ಪೆ ನೋಡಿ ಮೋಸಹೋಗಬೇಡಿ, ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸಂಬಂಧಿಸಿದ್ದು.

ಮೊಟ್ಟೆಯ ಇಂಗಾಲದ ಹೆಜ್ಜೆಗುರುತಿನಲ್ಲಿ ಸಿಂಹಪಾಲು ಮೇವಿನದ್ದೇ. ಮೆಕ್ಕೆಜೋಳ, ಸೋಯಾ ಬೆಳೆಯಲು ಹಾಕುವ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ಸಾವಯವ ಮೇವಿನಲ್ಲಿ ಯೂರಿಯಾ ಬಳಕೆ ಇಲ್ಲ. ಆದರೆ ಇಲ್ಲೊಂದು ತೊಡಕಿದೆ: ಅಡ್ಡಾಡುವ ಕೋಳಿ ಪಂಜರದ ಕೋಳಿಗಿಂತ ಪ್ರತಿ ಮೊಟ್ಟೆಗೆ ಹೆಚ್ಚು ಮೇವು ತಿನ್ನುತ್ತದೆ. ಸಾವಯವ ಬೆಳೆಯ ಇಳುವರಿ ಕಡಿಮೆಯಾದರೆ ಭೂಮಿಯೂ ಹೆಚ್ಚು ಬೇಕು. ಹೀಗಾಗಿ 'ಸಾವಯವ' ಎಂದ ಮಾತ್ರಕ್ಕೆ ಇಂಗಾಲ ಕಡಿಮೆ ಎನ್ನಲಾಗದು.

ಕಡಿಮೆ ಮಾಡುವ ದಾರಿಗಳೂ ಇವೆ. ಮಹಾರಾಷ್ಟ್ರದಲ್ಲೇ ಸೋಯಾ ಹೇರಳವಾಗಿ ಬೆಳೆಯುವುದರಿಂದ ಪುಣೆ ಸುತ್ತಲಿನ ರೈತರು ಮೇವನ್ನು ದೂರದಿಂದ ತರಿಸಬೇಕಿಲ್ಲ. ಅಜೋಲಾ, ಕಪ್ಪು ಸೈನಿಕ ನೊಣದ ಹುಳು ಸೋಯಾದ ಒಂದಷ್ಟು ಪಾಲನ್ನು ತುಂಬಬಲ್ಲವು. ಹಿಕ್ಕೆ ಒದ್ದೆಯಾಗಿ ಕೊಳೆತರೆ ಅಮೋನಿಯಾ, ಮೀಥೇನ್ ಏಳುತ್ತದೆ. ಅದನ್ನು ಒಣಗಿಸಿ ಕಾಂಪೋಸ್ಟ್ ಮಾಡಬೇಕು, ಇಲ್ಲವೇ ಗೋಬರ್ ಗ್ಯಾಸ್ ಘಟಕಕ್ಕೆ ಹಾಕಬೇಕು. ಕೋಳಿ ಸಾಯುವ ಪ್ರಮಾಣ ತಗ್ಗಿಸುವುದೂ ಅಷ್ಟೇ ಮುಖ್ಯ. ಸತ್ತ ಕೋಳಿ ತಿಂದ ಮೇವೆಲ್ಲ ಉಳಿದ ಮೊಟ್ಟೆಗಳ ಲೆಕ್ಕಕ್ಕೇ ಸೇರುತ್ತದೆ.

ಹಿತ್ತಲ ಸಾಕಣೆಗೆ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜು ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳಿವೆ. ಅಡುಗೆಮನೆಯ ಉಳಿಕೆ, ಹುಳಹುಪ್ಪಟೆಗಳನ್ನೂ ತಿಂದು ಬದುಕುವ ಇವುಗಳಿಗೆ ಕೊಳ್ಳುವ ಮೇವು ಕಡಿಮೆ ಸಾಕು.