ಅಂಗುಲ, ಇಂಚು ಮತ್ತು ಸೆಂಟಿಮೀಟರು

ಅಂಗುಲವೆಂಬ ಶಬ್ದವು ಪ್ರಾಚೀನ ಗ್ರಂಥಗಳಲ್ಲಿ ಒಂದು ಮಾನವನ್ನೂ ಆಧುನಿಕ ಕನ್ನಡದಲ್ಲಿ ಮತ್ತೊಂದು ಮಾನವನ್ನೂ ಸೂಚಿಸುತ್ತದೆ. ಶಾಸ್ತ್ರಗಳಲ್ಲಿ ಅದು ಹಸ್ತದ 24ನೆಯ ಭಾಗ. ಇಂಗ್ಲಿಷರ ಅಳತೆಗಳು ಬಳಕೆಗೆ ಬಂದಮೇಲೆ ಅಡಿಯ 12ನೆಯ ಭಾಗವಾದ ಇಂಚಿಗೂ ಕನ್ನಡದಲ್ಲಿ ಅದೇ ಹೆಸರು ಸಂದಿತು. 1956ರ ಕಾಯಿದೆಯ ಬಳಿಕ ಭಾರತದಲ್ಲಿ ಮೆಟ್ರಿಕ್ ಪದ್ಧತಿ ಕ್ರಮೇಣ ನೆಲೆಗೊಂಡು, ಹಳೆಯ ಅಳತೆಗಳನ್ನು ಸೆಂಟಿಮೀಟರಿಗೆ ಪರಿವರ್ತಿಸುವುದು ಅನಿವಾರ್ಯವಾಯಿತು. ಆಗ ಈ ನಾಮಸಾಮ್ಯವೇ ದೋಷಕ್ಕೆ ಕಾರಣವಾಗಬಲ್ಲುದು.

ಇಂಚಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಇಂಚು 2.54 ಸೆಂಟಿಮೀಟರು, ಅಡಿ 30.48 ಸೆಂಟಿಮೀಟರು. ಶಾಸ್ತ್ರೀಯ ಅಂಗುಲಕ್ಕೆ ಇಂತಹ ನಿಯತ ಬೆಲೆಯಿಲ್ಲ. ಹಸ್ತವನ್ನು 18 ಇಂಚೆಂದು ಎಣಿಸುವ ರೂಢಿಯನ್ನು ಒಪ್ಪಿದರೆ ಅದು ಮುಕ್ಕಾಲು ಇಂಚು, ಎಂದರೆ 1.905 ಸೆಂಟಿಮೀಟರು. 24 ಅಂಗುಲದ ಪ್ರತಿಮೆಯೆಂಬ ಉಲ್ಲೇಖವು ಶಾಸ್ತ್ರಮಾನದಲ್ಲಿ 45.72 ಸೆಂಟಿಮೀಟರಾದರೆ, ಇಂಚೆಂದು ಭ್ರಮಿಸಿದಾಗ 60.96 ಆಗುತ್ತದೆ.

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯು ಅಂಗುಲವನ್ನು ಉತ್ಸೇಧ, ಪ್ರಮಾಣ, ಆತ್ಮ ಎಂದು ಮೂರು ಬಗೆಯಾಗಿ ವಿಂಗಡಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಜೀವಿಗಳ ದೇಹೋತ್ಸೇಧಕ್ಕೆ ಮೊದಲನೆಯದು. ದ್ವೀಪ, ಸಮುದ್ರ, ಪರ್ವತಾದಿಗಳಿಗೆ ಅದರ 500 ಮಡಿಯಾದ ಪ್ರಮಾಣಾಂಗುಲ. ಕಲಶ, ದರ್ಪಣ, ಶಯ್ಯಾದಿಗಳಿಗೆ ಆಯಾ ಕಾಲದ ಮನುಷ್ಯರ ಆತ್ಮಾಂಗುಲ. ಆದುದರಿಂದ ಪರಿವರ್ತನೆಗೆ ಮೊದಲು ಅಳೆಯಲ್ಪಟ್ಟ ವಸ್ತು ಯಾವುದೆಂಬುದನ್ನು ನಿರ್ಣಯಿಸಬೇಕು.

ಶ್ರವಣಬೆಳ್ಗೊಳದಲ್ಲಿರುವ, ಸುಮಾರು 1180ರ ಬೊಪ್ಪಣಕವಿಯ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಭರತನು ಪೌದನಪುರದಲ್ಲಿ 525 ಧನುಸ್ಸಿನ ಬಾಹುಬಲಿ ಪ್ರತಿಮೆಯನ್ನು ಮಾಡಿಸಿದನೆಂದು ಅದು ಹೇಳುತ್ತದೆ. ಧನುಸ್ಸಿಗೆ 4 ಹಸ್ತದಂತೆ ಇದು 50,400 ಅಂಗುಲ. ಬಾಹುಬಲಿಯ ದೇಹೋತ್ಸೇಧವೂ ಪರಂಪರೆಯಲ್ಲಿ 525 ಧನುಸ್ಸೇ ಆದುದರಿಂದ ಇಲ್ಲಿ ಉತ್ಸೇಧಾಂಗುಲವೇ ಗ್ರಾಹ್ಯ. ಮೇಲಿನ ರೂಢಿಯಂತೆ ಎತ್ತರವು ಸುಮಾರು 960 ಮೀಟರು. ಇಂಚೆಂದು ಗ್ರಹಿಸಿದರೆ 1,280 ಮೀಟರು; ಪ್ರಮಾಣಾಂಗುಲವೆಂದರೆ 480 ಕಿಲೋಮೀಟರು. ಗುಣಾಕಾರ ಮೂರರಲ್ಲಿಯೂ ಶುದ್ಧವಾಗಿದೆ. ಅರ್ಥ ಒಂದರಲ್ಲಿ ಮಾತ್ರ ಶುದ್ಧ.

ನಿಯತವಾದ ಇಂಚಿನಲ್ಲಿ ಅಳೆದಾಗಲೂ ಎಚ್ಚರ ಬೇಕು. ವಿಂಧ್ಯಗಿರಿಯ ಗೊಮ್ಮಟವಿಗ್ರಹದ ಎತ್ತರವನ್ನು ಬುಕಾನನ್ 70 ಅಡಿ 3 ಇಂಚೆಂದೂ, ಆರ್ಥರ್ ವೆಲ್ಲೆಸ್ಲಿ 60 ಅಡಿ 3 ಇಂಚೆಂದೂ, ಮೈಸೂರಿನ ಮುಖ್ಯ ಆಯುಕ್ತನಾಗಿದ್ದ ಬೌರಿಂಗ್ 57 ಅಡಿಯೆಂದೂ ಹೇಳಿದ್ದಾರೆ. ಇವು ಅನುಕ್ರಮವಾಗಿ 21.41, 18.36 ಮತ್ತು 17.37 ಮೀಟರುಗಳು. ಕೊನೆಯ ಎರಡರ ನಡುವೆಯೇ ಸುಮಾರು ಒಂದು ಮೀಟರಿನ ಅಂತರವಿರುವಾಗ ದಶಾಂಶದ ಮುಂದಿನ ಅಂಕಿಗಳು ನಿಷ್ಕೃಷ್ಟತೆಯ ಆಭಾಸವನ್ನಷ್ಟೇ ಉಂಟುಮಾಡುತ್ತವೆ.

ಹಸ್ತಪ್ರತಿ, ಶಾಸನ, ಪ್ರತಿಮೆಗಳ ಸೂಚಿಗಳಲ್ಲಿ ಮೂಲದ ಅಂಕಿಯನ್ನೂ ಮಾನದ ಹೆಸರನ್ನೂ ಇದ್ದಂತೆಯೇ ಉಳಿಸಿ, ಪರಿವರ್ತಿತ ಬೆಲೆಯನ್ನು ಪಕ್ಕದಲ್ಲಿ ಕೊಡುವುದೇ ಯುಕ್ತ. ಪರಿವರ್ತನೆಯಲ್ಲಿ ತಪ್ಪಿದ್ದರೆ ಮುಂದಿನವರು ತಿದ್ದಿಕೊಳ್ಳಬಹುದು. ಮೂಲವೇ ಅಳಿಸಿಹೋದರೆ ತಿದ್ದುವುದಕ್ಕೆ ಆಧಾರವೇ ಇರುವುದಿಲ್ಲ.