ಪಾಠಶಾಲೆಯ ಹೊರಗಿನ ಪಾಠ

(ಅರಳಗುಪ್ಪೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಹೋದ ವರ್ಷ ಈ ಸೀಮೆಯ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗ ಬುದ್ಧಿವಂತ, ಒಳ್ಳೆಯ ಅಂಕ ಪಡೆದು ನಗರದ ಕಾಲೇಜು ಸೇರಿದ್ದ. ತಂದೆ ಕೊಬ್ಬರಿ ಮಾರಿದ ಹಣದಲ್ಲಿ ಶುಲ್ಕ ಕಟ್ಟಿ, ಬಾಡಿಗೆಗೆ ಕೋಣೆ ಮಾಡಿಕೊಟ್ಟು, ತಿಂಗಳು ತಿಂಗಳೂ ತಪ್ಪದೆ ಖರ್ಚಿಗೆ ಕಳುಹಿಸುತ್ತಿದ್ದರು. ಆದರೆ ಹುಡುಗ ನಾಲ್ಕು ತಿಂಗಳಿಂದ ತರಗತಿಗೇ ಹೋಗಿರಲಿಲ್ಲ. ಅವನಿಗೆ ಕೆಟ್ಟ ಚಟವಿರಲಿಲ್ಲ, ದುಷ್ಟರ ಸಹವಾಸವಿರಲಿಲ್ಲ. ಕಾರಣ ಕೇಳಿದಾಗ, "ಅಲ್ಲಿ ನನ್ನನ್ನು ಮಾತನಾಡಿಸುವವರೇ ಇರಲಿಲ್ಲ, ಬುದ್ಧಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಗುರು ಹೇಳುವುದು, ಶಿಷ್ಯ ಕೇಳುವುದು, ಕೊನೆಗೆ ಪರೀಕ್ಷೆ ಬರೆಯುವುದು, ಇಷ್ಟೇ ವಿದ್ಯೆ ಎಂದು ನಾವು ಭಾವಿಸಿದ್ದೇವೆ. ನಮ್ಮ ಪೂರ್ವಿಕರು ಹಾಗೆ ಭಾವಿಸಿರಲಿಲ್ಲ. ನಾಡಿನ ಶಾಸನಗಳೇ ಅದಕ್ಕೆ ಸಾಕ್ಷಿ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಗ್ರಾಮವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಕ್ರಿ.ಶ. 945ರ ಶಾಸನವು ಅದನ್ನು ವರ್ಣಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ ಬೇರೆಯಾಗಿ ಭೂಮಿಯನ್ನು ಬಿಟ್ಟಿದ್ದರು. ನೋಡಿರಿ, ಶಾಲೆಯನ್ನು ಕಟ್ಟಿಸಿದವನು ಉಪಾಧ್ಯಾಯರನ್ನು ನೇಮಿಸಿ ಸುಮ್ಮನಾಗಲಿಲ್ಲ. ಪಾಠ ಮುಗಿದ ಮೇಲೆ ಹುಡುಗ ಎಲ್ಲಿ ಮಲಗುತ್ತಾನೆ, ಕತ್ತಲೆಯಲ್ಲಿ ಏನು ಮಾಡುತ್ತಾನೆ ಎಂಬುದನ್ನೂ ಯೋಚಿಸಿದನು.

ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ ಕ್ರಿ.ಶ. 1162ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ನಾಲ್ಕು ವೇದಗಳನ್ನೂ ವ್ಯಾಕರಣಗಳನ್ನೂ ದರ್ಶನಗಳನ್ನೂ ಹೇಳಿಕೊಡುತ್ತಿದ್ದರು. ಆದರೆ ಅದೇ ಮಠದಲ್ಲಿ ಕುರುಡರಿಗೆ, ಕುಂಟರಿಗೆ, ದೀನರಿಗೆ ಅನ್ನವಿಕ್ಕುತ್ತಿದ್ದರು. ರೋಗಿಗಳಿಗೆ ಔಷಧ ಕೊಡುತ್ತಿದ್ದರು. ವ್ಯಾಕರಣ ಓದುವ ಹುಡುಗ ಓಲೆಗರಿಯಿಂದ ಕಣ್ಣೆತ್ತಿದರೆ ಎದುರಿಗೆ ಹಸಿದವರ ಪಂಕ್ತಿ ಕಾಣಬೇಕು. ಇಂಥ ನೆರೆಯಲ್ಲಿ ಕಲಿತ ವಿದ್ಯೆಗೆ ಅಹಂಕಾರ ಬೇಗ ಅಂಟುವುದಿಲ್ಲ.

ಕಾಲ ಬದಲಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬಾಗಿಲೇನೋ ತೆರೆಯಿತು, ಆದರೆ ಹಳ್ಳಿಯ ಬಡ ಹುಡುಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಉಣ್ಣುವುದೆಲ್ಲಿ, ಇರುವುದೆಲ್ಲಿ? ಆ ಚಿಂತೆಯನ್ನು ಮೊದಲೇ ಹೊತ್ತವರಲ್ಲಿ ನಮ್ಮ ನೆರೆಯ ಗುಬ್ಬಿಯ ತೋಟದಪ್ಪನವರು ಒಬ್ಬರು. 1838ರಲ್ಲಿ ಹುಟ್ಟಿದ ಅವರು ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕ್ಕೆ ಮೀಸಲಿಟ್ಟರು. 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಅವರ ಛತ್ರ ಆರಂಭವಾಯಿತು. 1910ರಲ್ಲಿ ಅವರು ಲಿಂಗೈಕ್ಯರಾದರೂ ಅವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಎಷ್ಟೋ ಮಂದಿ ಓದಿ ಮುಂದೆ ಬಂದರು. ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದ ವೀರಾಪುರದ ತರುಣರೊಬ್ಬರು ಅಲ್ಲಿಯೇ ಇದ್ದರು. ಅವರೇ ಮುಂದೆ 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಸಿದ್ಧಗಂಗೆಯ ಪೂರ್ಣ ಹೊಣೆಯನ್ನು ಹೊತ್ತ ಶ್ರೀ ಶಿವಕುಮಾರ ಮಹಾಸ್ವಾಮಿಗಳು. ಪರರ ಧರ್ಮದ ಅನ್ನವನ್ನುಂಡು ಓದಿದವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿ ಮತ ಕೇಳದೆ ಅನ್ನವಿಕ್ಕಿದರು. ಒಂದು ದೀಪದಿಂದ ಇನ್ನೊಂದು ದೀಪ ಹೀಗೆ ಹತ್ತುತ್ತದೆ.

ಧಾರವಾಡದ ಮುರುಘಾಮಠದಲ್ಲಿ 1917ರಲ್ಲಿಯೇ ಪ್ರಸಾದನಿಲಯ ಆರಂಭವಾಯಿತು. ಸುತ್ತೂರಿನ ಶ್ರೀ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಓದುತ್ತಿದ್ದಾಗ ಬಡ ವಿದ್ಯಾರ್ಥಿಗಳ ಕಷ್ಟವನ್ನು ಕಣ್ಣಾರೆ ಕಂಡು 1941ರಲ್ಲಿ ಉಚಿತ ನಿಲಯವನ್ನು ತೆರೆದರು. ಮಕ್ಕಳ ಊಟಕ್ಕೆ ಹಣ ಸಾಲದಾದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಭಕ್ತರು ಇಂದಿಗೂ ಸ್ಮರಿಸುತ್ತಾರೆ.

ಈ ನಿಲಯಗಳು ಕೊಟ್ಟದ್ದು ಬರಿಯ ಮುದ್ದೆ ಸಾರು ಎಂದು ತಿಳಿಯಬೇಡಿರಿ. ಬೆಳಗಿನ ಘಂಟೆಗೆ ಏಳುವುದು, ಹತ್ತು ಊರಿನವರ ಜೊತೆಗೆ ಸಾಲಿನಲ್ಲಿ ಕುಳಿತು ಉಣ್ಣುವುದು, ತಾನು ಉಣ್ಣುವ ಮುನ್ನ ಇತರರಿಗೆ ಬಡಿಸುವುದು, ಜಗಳವಾಡಿದವನ ಪಕ್ಕದಲ್ಲಿಯೇ ಮತ್ತೆ ಚಾಪೆ ಹಾಸುವುದು, ಇವನ್ನು ಯಾವ ಪುಸ್ತಕವೂ ಕಲಿಸದು. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಮ್ಮೆ ಚಳಿಜ್ವರ ಬಂದು ಮಲಗಿದ್ದೆವು. ಹಿರಿಯ ವಿದ್ಯಾರ್ಥಿಯೊಬ್ಬ ತನ್ನ ಕಂಬಳಿಯನ್ನು ಹೊದಿಸಿ, ಗಂಜಿ ಕಾಸಿ ತಂದು ಕುಡಿಸಿದ. ಆ ವಾರ ಯಾವ ಸೂತ್ರದ ಪಾಠವಾಯಿತೋ ಮರೆತುಹೋಗಿದೆ; ಆ ಗಂಜಿಯ ಬಿಸಿ ಇನ್ನೂ ಮರೆತಿಲ್ಲ.

ಇತಿಹಾಸವನ್ನು ಹೇಳುವಾಗ ಕೊರತೆಯನ್ನೂ ಹೇಳಬೇಕು. ಆ ಕಾಲದ ಅನೇಕ ನಿಲಯಗಳು ಒಂದೊಂದು ಜಾತಿಯ ಹೆಸರಿನಲ್ಲಿಯೇ ಹುಟ್ಟಿದವು. ತಮ್ಮವರನ್ನು ಮೇಲೆತ್ತಿದವು, ನಿಜ; ಆದರೆ ಪಕ್ಕದ ಮನೆಯ ಬಡವನು ಹೊರಗೇ ಉಳಿದನು. ಹೆಣ್ಣುಮಕ್ಕಳ ನೆನಪಂತೂ ನಮಗೆ ಬಹುಕಾಲ ಬರಲೇ ಇಲ್ಲ. ಮಗನಿಗೆ ನಿಲಯ ಹುಡುಕಿದ ತಂದೆ, ಮಗಳು ಜಾಣೆಯಾದರೂ ಅವಳ ಓದನ್ನು ಊರಿನ ಶಾಲೆಗೇ ನಿಲ್ಲಿಸಿದನು. ಈ ಸಾಲ ನಮ್ಮೆಲ್ಲರ ಮೇಲೆ, ಮಠಗಳ ಮೇಲೆಯೂ ಇದೆ. ಅದು ಇನ್ನೂ ಪೂರ್ತಿ ತೀರಿಲ್ಲ.

ಸರ್ಕಾರವೂ ಈ ದಾರಿಯಲ್ಲಿ ಯೋಚಿಸಿತು. ಗಾಂಧೀಜಿಯವರ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಆ ಮಕ್ಕಳು ಶಿಬಿರಕ್ಕೆಂದು ನಿಮ್ಮ ಹಳ್ಳಿಗೆ ಬಂದಾಗ ಹಾರ ಹಾಕಿ ಭಾಷಣ ಮಾಡಿ ಕಳುಹಿಸಬೇಡಿರಿ. ಹೂಳು ತುಂಬಿದ ಕಟ್ಟೆಯನ್ನು ತೋರಿಸಿ, ಗುದ್ದಲಿ ಕೊಟ್ಟು, ಜೊತೆಗೆ ನೀವೂ ನಿಲ್ಲಿರಿ.

ನೀವು ತೆಂಗಿನ ಸೀಮೆಯವರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಹೊರಗಿನಿಂದ ಎಲ್ಲವೂ ಒಂದೇ. ಒಳಗೆ ಉಂಡೆ ಕೊಬ್ಬರಿಯಾಗಿದೆಯೋ ಕೌಟಾಗಿದೆಯೋ ತಿಳಿಯಲು ಕೈಗೆತ್ತಿಕೊಂಡು ಅಲ್ಲಾಡಿಸಿ ಕಿವಿಗೊಡುತ್ತೀರಿ. ಮಕ್ಕಳ ಅಂಕಪಟ್ಟಿ ಹೊರಗಿನ ಚಿಪ್ಪು. ಒಳಗಿನದನ್ನು ತಿಳಿಯಲು ಹತ್ತಿರ ಹೋಗಬೇಕು, ಕಿವಿಗೊಡಬೇಕು. ನಗರದಲ್ಲಿ ನೆಲೆಸಿರುವ ಭಕ್ತರು ತಮ್ಮ ಬೀದಿಯಲ್ಲಿ ಕೋಣೆ ಮಾಡಿಕೊಂಡಿರುವ ಯಾರ ಮಗುವನ್ನಾದರೂ, ಅದು ಯಾವ ಜಾತಿಯದೇ ಆಗಲಿ, ವಾರಕ್ಕೊಮ್ಮೆ ಊಟಕ್ಕೆ ಕರೆಯಿರಿ. ಹಿಂದೆ ವಾರಾನ್ನವೆಂದು ನಡೆಸುತ್ತಿದ್ದುದು ಇದನ್ನೇ. ಆಗ ಅದು ಹಸಿವಿಗಾಗಿ ಇತ್ತು, ಈಗ ಒಂಟಿತನಕ್ಕಾಗಿ ಬೇಕಾಗಿದೆ.

ನಿಮ್ಮೂರಿನ ಕಲ್ಲೇಶ್ವರನ ಗುಡಿಯಲ್ಲಿ ನೊಳಂಬರ ಕಾಲದ ಶಿಲ್ಪಿಯು ಛತ್ತಿನಲ್ಲಿ ಕುಣಿಯುವ ಶಿವನನ್ನು ಕೆತ್ತಿದ್ದಾನೆ. ಶಿವನೂ ಅಲ್ಲಿ ಒಬ್ಬನೇ ಇಲ್ಲ; ವಾದ್ಯ ನುಡಿಸುವವರಿದ್ದಾರೆ, ಸುತ್ತಲೂ ದಿಕ್ಪಾಲಕರಿದ್ದಾರೆ. ನಾವು ಆರಂಭದಲ್ಲಿ ಹೇಳಿದ ಆ ಹುಡುಗ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ಭಕ್ತರೊಬ್ಬರ ಮನೆಯಲ್ಲಿ ಭಾನುವಾರದ ಊಟ ಮಾಡುತ್ತಾನೆ, ಆ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಅವನಂಥ ಇನ್ನೆಷ್ಟು ಮಕ್ಕಳಿದ್ದಾರೋ, ಅವರನ್ನು ಹುಡುಕಿ ಮಾತನಾಡಿಸುವ ಮನಸ್ಸನ್ನು ಶಿವನು ನಿಮಗೆಲ್ಲರಿಗೂ ಕರುಣಿಸಲಿ ಎಂದು ಹಾರೈಸುತ್ತೇವೆ.